ದಿಬ್ಬದ ಮೇಲಿನ ಹುಣಸೆ ಬೀಜ

“ತಪ್ಪು ಮಾಡಿದವನನ್ನು ಕ್ಷಮಿಸುವುದು ಹೇಗೆ, ಗುರುಗಳೇ?” ಎಂದು ಮರುಳಯ್ಯ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕೂತು ನೆನೆಹಾಕಿದ ಅವರೆಕಾಳು ಹಿಸುಕುತ್ತಿದ್ದರು. ತಲೆ ಎತ್ತದೆ, “ಯಾರು ಮಾಡಿದ ತಪ್ಪು?” ಎಂದರು.

“ಕೊಟ್ರಯ್ಯ ಮಾಡಿದ್ದು.”

ಗುರುಗಳಿಗೆ ವಿಷಯ ಗೊತ್ತಿತ್ತು. ಹೋದ ವರ್ಷದ ದಾಸೋಹದ ದಿನ ಅಡುಗೆ, ಬಡಿಸುವುದು, ಎಲ್ಲದರ ಉಸ್ತುವಾರಿ ಮರುಳಯ್ಯನದು. ಅವನು ಅಡುಗೆಮನೆಯ ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಅನ್ನದ ಸೌಟು ಕೊಟ್ರಯ್ಯನ ಕೈಯಲ್ಲಿತ್ತು. ಕೊಟ್ರಯ್ಯ ಮುಂದಿನ ಪಂಕ್ತಿಗಳಲ್ಲಿ ಕೂತವರು ಬೇಡ ಬೇಡ ಎಂದರೂ ರಾಶಿ ರಾಶಿಯಾಗಿ ಬಡಿಸಿದ. ಕೊನೆಯ ಪಂಕ್ತಿಗೆ ಬರುವಷ್ಟರಲ್ಲಿ ಕೊಪ್ಪರಿಗೆ ಬರಿದಾಗಿತ್ತು. ಎರಡು ದಿನ ನಡೆದು ಬಂದಿದ್ದ ಗುಡ್ಡದ ಹಳ್ಳಿಗಳ ಜನ ಖಾಲಿ ಎಲೆ ಬಿಟ್ಟು ಎದ್ದು ಹೋದರು. ಅಂದಿನಿಂದ ಮರುಳಯ್ಯ ಕೊಟ್ರಯ್ಯನ ಜೊತೆ ಮಾತು ಬಿಟ್ಟಿದ್ದ. ಈ ವರ್ಷದ ದಾಸೋಹಕ್ಕೆ ಇನ್ನು ಎಂಟು ದಿನ ಉಳಿದಿತ್ತು.

“ಅವನನ್ನು ಶಾಖಾಮಠಕ್ಕೆ ಕಳಿಸಿಬಿಡಿ, ಇಲ್ಲವೇ ಕ್ಷಮಿಸುವ ದಾರಿ ಹೇಳಿಕೊಡಿ. ಎರಡರಲ್ಲಿ ಒಂದು ಆಗಬೇಕು” ಎಂದ ಮರುಳಯ್ಯ. “ಆ ದಿನವನ್ನು ನಾನು ಮನಸ್ಸಿನಲ್ಲಿ ನೂರು ಸಲ ನಡೆಸಿ ನೋಡಿದ್ದೇನೆ. ನೂರು ಸಲವೂ ತಪ್ಪು ಅವನದೇ.”

“ನೂರು ಸಲವೇ! ಬಿಡುವಾಗಿದ್ದೀಯ ಹಾಗಾದರೆ” ಎಂದರು ಗುರುಗಳು. ಬೋಗುಣಿಯನ್ನು ಅವನ ಕಡೆ ಸರಿಸಿದರು. “ಕೂತು ಕಾಳು ಹಿಸುಕು. ನಿನ್ನ ಹಾಗೆಯೇ ಮಾಡಿದವನೊಬ್ಬನ ಕತೆ ಹೇಳುತ್ತೇನೆ.”

ಮರುಳಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ದುರ್ಗ. ಅದಕ್ಕೊಬ್ಬ ಪಾಳೆಯಗಾರ. ಪಾಳೆಯಗಾರನ ಕುದುರೆ ಪಡೆಗೆ ಒಬ್ಬ ದಳವಾಯಿ. ದಳವಾಯಿ ಕೆಟ್ಟವನಲ್ಲ. ಕುದುರೆಗಳಿಗೆ ಹುರುಳಿ ಬಿದ್ದದ್ದನ್ನು ಕಣ್ಣಾರೆ ನೋಡದೆ ತಾನು ಊಟಕ್ಕೆ ಕೂರುತ್ತಿರಲಿಲ್ಲ. ಬದುಕಿನಲ್ಲಿ ಅವನು ಸೋತದ್ದು ಒಂದೇ ಕಾಳಗ, ಹಳ್ಳದ ಬಯಲಿನ ಕಾಳಗ. ಒಂದೇ ಸಲ ಸೋತವನ ಸಂಕಟ ಹತ್ತು ಸಲ ಸೋತವನಿಗೆ ತಿಳಿಯುವುದಿಲ್ಲ. ಹತ್ತು ಸಲ ಸೋತವನಿಗೆ ಅದು ರೂಢಿಯಾಗಿರುತ್ತದೆ.

ಆ ಕಾಳಗ ನಡೆದದ್ದು ಹೀಗೆ. ದಳವಾಯಿ ಬಯಲಿನ ನಡುವಿನ ದಿಬ್ಬದ ಮೇಲೆ ನಿಂತಿದ್ದ. ಅವನ ಎಡಕ್ಕೆ ಓಬಯ್ಯನೆಂಬ ನಾಯಕ, ಓಬಯ್ಯನ ಕೈಕೆಳಗೆ ನೂರ ಇಪ್ಪತ್ತು ಕುದುರೆ. ದಳವಾಯಿ ಓಬಯ್ಯನಿಗೆ ನುಗ್ಗಲು ಅಪ್ಪಣೆ ಕೊಟ್ಟ. ಓಬಯ್ಯ ನುಗ್ಗಿದ. ಎದುರಿನ ಸಾಲು ಒಡೆದು, ಒಣಗಿದ ಹಳ್ಳ ದಾಟಿ ಓಡಿತು. ಓಬಯ್ಯ ಅಟ್ಟಿಸಿಕೊಂಡು ತಾನೂ ಹಳ್ಳ ದಾಟಿದ. ಹೋದ, ಹೋದ, ಹೋಗುತ್ತಲೇ ಇದ್ದ. ಅವನು ಬಿಟ್ಟುಹೋದ ಜಾಗ ಬರಿದಾಗಿ ಉಳಿಯಿತು. ಹೊಂಗೆ ತೋಪಿನ ಹಿಂದೆ ಅಡಗಿದ್ದ ಶತ್ರುವಿನ ಇನ್ನೊಂದು ಪಡೆ ಅದೇ ಜಾಗದಿಂದ ಒಳಗೆ ಬಂದು ನಡುವಿನ ಸಾಲನ್ನು ಪಕ್ಕದಿಂದ ಹೊಡೆಯಿತು. ಸಂಜೆ ದುರ್ಗಕ್ಕೆ ಮರಳಿದ ಕುದುರೆಗಳಲ್ಲಿ ಅರ್ಧಕ್ಕರ್ಧ ಬರಿ ಜೀನು ಹೊತ್ತುಕೊಂಡು ಬಂದವು.

ಓಬಯ್ಯ ಮೂರು ದಿನ ಬಿಟ್ಟು ಬಂದ. ನಡೆದುಕೊಂಡು ಬಂದ. ಅವನ ಕುದುರೆ ಹಳ್ಳದ ಆಚೆ ಸತ್ತಿತ್ತು. ಅದರ ಗುರುತಿಗೆ ಒಂದು ರಿಕಾಪನ್ನು, ಎಂದರೆ ಕುದುರೆ ಹತ್ತುವಾಗ ಕಾಲಿಡುವ ಕಬ್ಬಿಣದ ಬಳೆಯನ್ನು, ಬಿಚ್ಚಿ ತಂದಿದ್ದ. ಆ ದುರ್ಗದಲ್ಲಿ ಒಂದು ಕಟ್ಟಳೆ ಇತ್ತು. ಕುದುರೆ ಕಳೆದುಕೊಂಡು ನಡೆದು ಬಂದ ರಾವುತ ಒಡ್ಡೋಲಗದಲ್ಲಿ ನಿಲ್ಲಬಹುದು, ಬಾಯಿ ತೆರೆಯುವ ಹಾಗಿಲ್ಲ. ಜೀನು ಹೋದವನಿಗೆ ಮಾತೂ ಹೋಯಿತು ಎಂದು ಲೆಕ್ಕ.

ಪಾಳೆಯಗಾರ ಏನಾಯಿತೆಂದು ಕೇಳಿದ. “ಹಿಂದಕ್ಕೆ ಬಾ ಅಂದರೆ ಬರಲಿಲ್ಲ” ಎಂದ ದಳವಾಯಿ. ಓಬಯ್ಯ ತಲೆ ಎತ್ತಿ ಅವನ ಮುಖ ನೋಡಿದ. ಮತ್ತೆ ತಲೆ ತಗ್ಗಿಸಿದ. ಓಬಯ್ಯ ತಂದ ರಿಕಾಪನ್ನೇ ಕೋಟೆ ಬಾಗಿಲಿಗೆ ತೂಗುಹಾಕಿದರು. ಅದು ತೂಗುತ್ತಿರುವವರೆಗೆ ಆ ಮನೆಯ ಯಾರಿಗೂ ಜೀನು ಇಲ್ಲ. ಅದೂ ಒಂದು ಕಟ್ಟಳೆಯೇ. ಕಟ್ಟಳೆ ಮಾಡುವುದರಲ್ಲಿ ಆ ದುರ್ಗದವರು ಕುದುರೆ ಓಡಿಸುವುದಕ್ಕಿಂತ ಚುರುಕು.

“ಬಾ ಎಂದರೂ ಬರಲಿಲ್ಲ ಎಂದ ಮೇಲೆ ತಪ್ಪು ಓಬಯ್ಯನದೇ ಅಲ್ಲವೇ?” ಎಂದು ಮರುಳಯ್ಯ ನಡುವೆ ಬಾಯಿ ಹಾಕಿದ.

“ಕಾಳು ಹಿಸುಕು” ಎಂದರು ಗುರುಗಳು.

ಓಬಯ್ಯ ಪೇಟೆ ಬಾಗಿಲ ಹೊರಗೆ ಲಾಳ ಕಟ್ಟುವ ಕೆಲಸ ಹಿಡಿದ. ಕುದುರೆಯ ಮೇಲೆ ಕೂತಿದ್ದವನು ಕುದುರೆಯ ಕಾಲ ಬಳಿ ಕೂತ. ಇತ್ತ ದಳವಾಯಿಗೆ ಆ ಸೋಲು ಹಲ್ಲಿನ ಸಂದಿಯಲ್ಲಿ ಸಿಕ್ಕ ಕಡ್ಡಿಯ ಹಾಗಾಯಿತು. ಏನು ಮಾಡಿದರೂ ನಾಲಗೆ ಅಲ್ಲಿಗೇ ಹೋಗುತ್ತಿತ್ತು. ಕೊನೆಗೆ ಅವನು ಬಡಗಿಯನ್ನು ಕರೆಸಿ ಒಂದು ಆಟದ ಹಲಗೆ ಮಾಡಿಸಿದ.

ಪಗಡೆಯ ಹಾಗೆ ಹೊತ್ತು ಕಳೆಯುವ ಆಟ ಅದಲ್ಲ. ಹಳ್ಳದ ಬಯಲನ್ನೇ ಹಲಗೆಯ ಮೇಲೆ ಇಳಿಸಿದ್ದು. ಹಳ್ಳ ಇದ್ದಲ್ಲಿ ಹಳ್ಳ, ದಿಬ್ಬ ಇದ್ದಲ್ಲಿ ದಿಬ್ಬ, ಹೊಂಗೆ ತೋಪು ಇದ್ದಲ್ಲಿ ತೋಪು. ಮೊದಲು ನಾಲ್ಕು ಮೂಲೆಯ ಮನೆಗಳನ್ನು ಬರೆಸಿದ್ದ. ಅದರಲ್ಲಿ ಓರೆಯಾಗಿ ನಡೆದ ಕುದುರೆ ನೇರವಾಗಿ ನಡೆದ ಕುದುರೆಗಿಂತ ಹೆಚ್ಚು ದೂರ ಹೋಗಿಬಿಡುತ್ತಿತ್ತು. ಇದು ಮೋಸ ಎಂದು ಎಲ್ಲವನ್ನೂ ಹೆರೆಸಿ, ಜೇನುಹುಟ್ಟಿನಲ್ಲಿರುವಂತೆ ಆರು ಮೂಲೆಯ ಮನೆಗಳನ್ನು ಬರೆಸಿದ. ಒಂದು ಕಾಯಿ ಎಂದರೆ ಮೂವತ್ತು ಕುದುರೆ. ತನ್ನ ಕಡೆಗೆ ಹತ್ತು ಕೆಂಪು ಕಾಯಿ, ಶತ್ರುವಿಗೆ ಹದಿನಾಲ್ಕು ಕಪ್ಪು ಕಾಯಿ. ನಡಿಗೆಯಲ್ಲಿ ಮೂರು ಮನೆ, ನಾಗಾಲೋಟದಲ್ಲಿ ಆರು. ಹಳ್ಳದ ಮರಳಿನಲ್ಲಿ ಅದರ ಅರ್ಧ. ಎರಡು ಸರದಿ ಓಡಿದ ಕಾಯಿ ಮೂರನೆಯ ಸರದಿ ನಿಂತು ಉಸಿರು ತೆಗೆದುಕೊಳ್ಳಬೇಕು. ಕಾಯಿಗೆ ಕಾಯಿ ಎದುರಾದಾಗ ಕವಡೆ ಹಾಕಿ ಯಾರು ಒಡೆದರೆಂದು ತೀರ್ಮಾನ. ಕುದುರೆಯ ವಿಷಯದಲ್ಲಿ ದಳವಾಯಿ ಒಂದು ಕೂದಲೆಳೆಯಷ್ಟೂ ಸುಳ್ಳು ಸೇರಿಸಲಿಲ್ಲ.

ಆಡಲು ಎದುರಾಳಿ ಬೇಕಲ್ಲ. ಅದಕ್ಕೆ ಹೆಂಡತಿಯ ತಮ್ಮನಿದ್ದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಭಾವಮೈದುನ ಎರಡನ್ನೂ ಬಲ್ಲವನು. ಕಪ್ಪು ಕಾಯಿಗಳು ಅಂದು ನಡೆದಂತೆಯೇ ನಡೆಯಬೇಕು, ಕೆಂಪು ಕಾಯಿಗಳನ್ನು ತಾನು ಬೇಕಾದಂತೆ ನಡೆಸಬಹುದು ಎಂದು ದಳವಾಯಿ ನಿಯಮ ಮಾಡಿದ್ದ. ಭಾವಮೈದುನ ಅದಕ್ಕೆ ಚಕಾರ ಎತ್ತಲಿಲ್ಲ. ದಳವಾಯಿ ಎಡಗಡೆಯ ನಾಲ್ಕು ಕೆಂಪು ಕಾಯಿಗಳನ್ನು ಮುಂದಕ್ಕೆ ನುಗ್ಗಿಸುವನು. ಎದುರಿನ ಸಾಲು ಒಡೆಯುವುದು. ಅಲ್ಲಿಗೆ ಬೆರಳಿನಿಂದ ನಾಲ್ಕು ಕಾಯಿಗಳನ್ನೂ ಹಿಂದಕ್ಕೆ ತಿರುಗಿಸುವನು. ಹೊಂಗೆ ತೋಪಿನಿಂದ ಬಂದ ಕಪ್ಪು ಕಾಯಿಗಳು ನಡುವೆ ಸಿಕ್ಕಿ ನುಚ್ಚುನೂರಾಗುವವು. ಪ್ರತಿ ಸಲವೂ ಗೆಲುವು.

“ನೋಡಿದ್ಯಾ? ಎಡದವನು ಹಿಂದಿರುಗಿದ್ರೆ ಕಾಳಗ ನಮ್ದೇ.”

“ಕಣ್ಣಾರೆ ನೋಡ್ದೆ ಭಾವ. ಅಕ್ಕ ಎಲೆ ಹಾಕಿದ್ಳೋ ಏನೋ, ನೋಡ್ಕೊಂಡು ಬರ್ತೀನಿ.”

ಹೀಗೆ ಹನ್ನೊಂದು ವರ್ಷ ನಡೆಯಿತು. ದಳವಾಯಿ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದ, ಭಾವಮೈದುನ ಎಲೆಯಲ್ಲೇ ತಿನ್ನುತ್ತಿದ್ದ. ಮನೆಗೆ ಯಾರು ಬಂದರೂ ದಳವಾಯಿ ಹಲಗೆ ತೋರಿಸುತ್ತಿದ್ದ. ತೋರಿಸಿ ಕೊನೆಯಲ್ಲಿ, “ನಾನು ಅವನನ್ನ ಯಾವತ್ತೋ ಕ್ಷಮಿಸಿಬಿಟ್ಟಿದೀನಿ” ಎನ್ನುತ್ತಿದ್ದ. ಕ್ಷಮಿಸಿದವನಿಗೆ ಇಷ್ಟೊಂದು ಸಾಕ್ಷಿ ಏಕೆ ಬೇಕು ಎಂದು ಯಾರೂ ಕೇಳಲಿಲ್ಲ. ದಳವಾಯಿಯನ್ನು ಕೇಳುವವರು ಯಾರು?

ಹನ್ನೊಂದನೆಯ ವರ್ಷ ಪಾಳೆಯಗಾರ ಹೊಸದಾಗಿ ಕುದುರೆ ಪಡೆ ಕಟ್ಟಲು ಹೊರಟ. ಓಬಯ್ಯನ ಮಗ ಆಗ ಇಪ್ಪತ್ತು ದಾಟಿದವನು. ತನ್ನನ್ನೂ ಪಡೆಗೆ ಸೇರಿಸಿಕೊಳ್ಳಬೇಕೆಂದು ಬಂದು ಕೇಳಿದ. ಅವನ ತಂದೆಯ ರಿಕಾಪು ಇನ್ನೂ ಬಾಗಿಲಲ್ಲಿ ತೂಗುತ್ತಿತ್ತು. ಪಾಳೆಯಗಾರ ದಳವಾಯಿಯನ್ನು ಕರೆಸಿ ಹೇಳಿದ: “ಅದನ್ನು ತೂಗುಹಾಕಿದ್ದು ನಿನ್ನ ಮಾತಿನ ಮೇಲೆ. ಇಳಿಸಿದರೆ ಓಬಯ್ಯನ ಹೆಸರು ಉಳಿಯುತ್ತದೆ, ಹುಡುಗನಿಗೆ ಜೀನು ಸಿಗುತ್ತದೆ. ಇಳಿಸದಿದ್ದರೆ ಆ ಮನೆಯ ಬಾಗಿಲು ಇನ್ನು ಮುಚ್ಚಿದ ಹಾಗೆಯೇ. ಸಂತೆಯ ದಿನದೊಳಗೆ ಏನೆಂದು ಹೇಳು.”

ದಳವಾಯಿಗೆ ಇಕ್ಕಟ್ಟಾಯಿತು. ಇಳಿಸಿದರೆ ಊರಿನವರು ದೊಡ್ಡ ಮನಸ್ಸು ಎನ್ನುತ್ತಾರೆ. ಅದು ಅವನಿಗೂ ಇಷ್ಟವೇ. ಆದರೆ ಖಾಲಿ ಜೀನು ಹೊತ್ತು ಬಂದ ಕುದುರೆಗಳು ನೆನಪಾಗುತ್ತಿದ್ದವು. ಹಲಗೆ ಹಾಸಿ ಒಬ್ಬನೇ ಇನ್ನೊಂದು ಸಲ ಆಡಿ ನೋಡಿದ. ಎಡದ ಕಾಯಿಗಳು ಹಿಂದಿರುಗಿದವು, ಕಾಳಗ ಗೆದ್ದಾಯಿತು. ತಪ್ಪು ಮತ್ತೆ ಓಬಯ್ಯನದೇ ಆಯಿತು. ಆಗುವುದಿಲ್ಲ ಎಂದು ಹೇಳಿಬಿಡುವುದೆಂದು ಅವನು ನಿಶ್ಚಯಿಸಿದ.

ಸಂತೆಯ ಹಿಂದಿನ ದಿನ ಒಬ್ಬ ಕುದುರೆ ವ್ಯಾಪಾರಿ ಬಂದ. ಒಂದು ಕಾಲು ಎಳೆದು ನಡೆಯುವ ಮುದುಕ. ಹೊಸ ಪಡೆಗೆ ಕುದುರೆ ತೋರಿಸಲು ದಳವಾಯಿಯ ಮನೆಗೆ ಬಂದವನು ಪಡಸಾಲೆಯಲ್ಲಿದ್ದ ಹಲಗೆಯನ್ನು ಕಂಡು ನಿಂತುಬಿಟ್ಟ. ಬಗ್ಗಿ ನೋಡಿ, “ಇದು ಹಳ್ಳದ ಬಯಲು” ಎಂದ.

“ನಿನಗೆ ಹೇಗೆ ಗೊತ್ತು?”

ವ್ಯಾಪಾರಿ ಹೊಂಗೆ ತೋಪಿನ ಹಿಂದಿನ ಮನೆಯ ಮೇಲೆ ಬೆರಳಿಟ್ಟ. “ಅವತ್ತು ಇಲ್ಲಿದ್ದವನು ನಾನೇ ಅಲ್ವಾ” ಎಂದ.

ದಳವಾಯಿಗೆ ಸಿಟ್ಟು ಬರಲಿಲ್ಲ. ಎರಡು ದುರ್ಗಗಳ ನಡುವೆ ಆಗಲೇ ಹೆಣ್ಣು ಕೊಟ್ಟು ತಂದು ಮಾಡಿ ಹಳೆಯ ಹಗೆ ತಣ್ಣಗಾಗಿತ್ತು. ಜೊತೆಗೆ, ಆ ದಿನದ ಬಗ್ಗೆ ತಿಳಿದು ಮಾತಾಡುವ ಒಬ್ಬ ಮನುಷ್ಯ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಮುಂದೆ ನಿಂತಿದ್ದ. ಅಂದು ಭಾವಮೈದುನ ಹೊಟ್ಟೆ ಕೆಟ್ಟು ಮಲಗಿದ್ದ. ಊಟ ಬಲ್ಲವನಿಗೂ ಒಮ್ಮೊಮ್ಮೆ ಹಾಗಾಗುತ್ತದೆ. ದಳವಾಯಿ ವ್ಯಾಪಾರಿಯನ್ನೇ ಆಟಕ್ಕೆ ಕೂರಿಸಿಕೊಂಡ.

“ನಮ್ಮ ಕಡೆನೂ ಹಳೇ ಸಿಪಾಯಿಗಳು ಇಂಥ ಆಟ ಆಡ್ತೀವಿ ಬುದ್ಧಿ” ಎಂದ ವ್ಯಾಪಾರಿ. “ಆದ್ರೆ ನಿಮ್ಮ ಹಲಗೇಲಿ ಒಂದು ಕಾಯಿ ಕಮ್ಮಿ ಐತೆ.”

“ಕುದುರೆಗಳೆಲ್ಲ ಸರಿಯಾಗೇ ಇದಾವೆ. ಬೇಕಾದರೆ ಎಣಿಸಿಕೋ.”

“ಕುದುರೆ ಸರಿ ಐತೆ. ಓಲೆಕಾರ ಎಲ್ಲಿ?”

ದಳವಾಯಿಗೆ ತಿಳಿಯಲಿಲ್ಲ. ವ್ಯಾಪಾರಿ ಸೊಂಟದ ಚೀಲ ತಡಕಿ ಒಂದು ಹುಣಸೆ ಬೀಜ ತೆಗೆದ. ದಿಬ್ಬದ ಮೇಲೆ, ದಳವಾಯಿಯ ಕಾಯಿಯ ಪಕ್ಕದಲ್ಲಿ ಇಟ್ಟ. ಸುದ್ದಿ ಒಯ್ಯುವ ಓಲೆಕಾರ ಇವನು, ಎಂದು ವಿವರಿಸಿದ. ದಿಬ್ಬದಿಂದ ಎರಡು ಮನೆಯ ಒಳಗಿದ್ದವರಿಗೆ ಕೂಗಿದರೆ ಕೇಳುತ್ತದೆ. ಅದರಾಚೆ ಇರುವವರು ಕೊನೆಗೆ ಏನು ಅಪ್ಪಣೆ ಸಿಕ್ಕಿತ್ತೋ ಅದನ್ನೇ ಮಾಡುತ್ತಾ ಹೋಗುತ್ತಾರೆ. ಅದನ್ನು ಬದಲಿಸಬೇಕಾದರೆ ಓಲೆಕಾರ ಮನೆ ಮನೆ ದಾಟಿ ಅವರನ್ನು ಮುಟ್ಟಬೇಕು. ಒಬ್ಬನೇ ಹಗುರಾಗಿ ಓಡುವುದರಿಂದ ಸರದಿಗೆ ಎಂಟು ಮನೆ.

“ಆಗಲಿ, ಇದೇನು ಮಹಾ” ಎಂದ ದಳವಾಯಿ.

ಆಟ ಶುರುವಾಯಿತು. ಎಡದ ನಾಲ್ಕು ಕೆಂಪು ಕಾಯಿಗಳು ನುಗ್ಗಿದವು. ಕವಡೆ ಬಿದ್ದವು, ಎದುರಿನ ಸಾಲು ಒಡೆಯಿತು. ಹನ್ನೊಂದು ವರ್ಷದ ರೂಢಿಯಂತೆ ದಳವಾಯಿಯ ಕೈ ಹೋಗಿ ಕಾಯಿಗಳನ್ನು ಹಿಂದಕ್ಕೆ ತಿರುಗಿಸಿತು.

“ತಡೀರಿ ಬುದ್ಧಿ” ಎಂದ ವ್ಯಾಪಾರಿ. “ವಾಪಸ್ ಬನ್ನಿ ಅಂತ ಅವರಿಗೆ ಯಾರು ಹೇಳಿದ್ರು?”

ಹುಣಸೆ ಬೀಜ ದಿಬ್ಬದ ಮೇಲೆಯೇ ಇತ್ತು. ದಳವಾಯಿ ನಕ್ಕು, ಮರೆತೆ ಎಂದ. ಕಾಯಿಗಳನ್ನು ಮತ್ತೆ ಮುಂದಕ್ಕಿಟ್ಟು ಬೀಜವನ್ನು ಹೊರಡಿಸಿದ. ಅಷ್ಟರಲ್ಲಿ ತಡವಾಗಿತ್ತು. ಬೀಜ ಎಂಟು ಮನೆ ಹೋದರೆ ಕಾಯಿಗಳು ಆರು ಮನೆ ಮುಂದೆ ಹೋಗಿರುತ್ತಿದ್ದವು. ಮೂರನೆಯ ಸರದಿಯಲ್ಲಿ ಅದು ಅವರನ್ನು ಮುಟ್ಟುವ ಹೊತ್ತಿಗೆ ವ್ಯಾಪಾರಿಯ ನಾಲ್ಕು ಕಪ್ಪು ಕಾಯಿಗಳು ತೋಪಿನಿಂದ ಹೊರಟು ದಿಬ್ಬವನ್ನೇ ಹತ್ತಿದ್ದವು. ಆ ಹಲಗೆಯ ಮೇಲೆ ದಳವಾಯಿ ಸೋತದ್ದು ಅದೇ ಮೊದಲು.

“ಇನ್ನೊಂದಾಟ” ಎಂದ. ಅವನ ಕಿವಿಗಳು ಕೆಂಪಾಗಿದ್ದವು.

ಎರಡನೆಯ ಆಟದಲ್ಲಿ ಅವನು ಜಾಣನಾದ. ಕಾಯಿಗಳು ನುಗ್ಗಿದ ಸರದಿಯಲ್ಲೇ ಬೀಜವನ್ನೂ ಬೆನ್ನಿಗೆ ಹೊರಡಿಸಿದ. ಎದುರಿನ ಸಾಲು ಒಡೆಯುವ ಹೊತ್ತಿಗೆ ಓಲೆಕಾರ ಹಳ್ಳದ ದಂಡೆಯಲ್ಲಿದ್ದ. ಕೆಂಪು ಕಾಯಿಗಳು ಹಳ್ಳ ದಾಟದೆ ನಿಂತವು, ತಿರುಗಿದವು, ತಮ್ಮ ಜಾಗಕ್ಕೆ ಬಂದವು. ದಳವಾಯಿ ಹೊಂಗೆ ತೋಪನ್ನೇ ನೋಡುತ್ತಾ ಕಾದ. ಕಪ್ಪು ಕಾಯಿಗಳು ಅಲುಗಲಿಲ್ಲ.

“ಯಾಕೆ ಹೊರಗೆ ಬರಲಿಲ್ಲ ನೀನು?”

“ಬಂದ್ರೆ ಸಾಯ್ತೀನಲ್ಲ ಬುದ್ಧಿ. ನಿಮ್ಮ ಓಲೆಕಾರ ದಿಬ್ಬ ಇಳಿದಿದ್ದನ್ನ ನೋಡ್ದೆ, ಸುಮ್ಮನಾದೆ.” ವ್ಯಾಪಾರಿ ಎಳೆಯುವ ಕಾಲನ್ನು ನೀಡಿಕೊಂಡು ನೀವಿಕೊಂಡ. “ಅವತ್ತೂ ಅಷ್ಟೇ. ತೋಪಿನ ಮರೆಯಿಂದ ನಾನು ನಿಮ್ಮ ದಿಬ್ಬ ಒಂದನ್ನೇ ನೋಡ್ತಾ ಇದ್ದೆ. ಅಲ್ಲಿಂದ ಎಡಕ್ಕೆ ಒಂದು ಕುದುರೆ ಹೊರಟ್ರೂ ನಾವು ಹಿಂದಕ್ಕೆ ಹೋಗ್ಬೇಕು ಅಂತ ಅಪ್ಪಣೆ ಇತ್ತು. ಕಾದೆ, ಕಾದೆ. ಯಾರೂ ಹೊರಡಲಿಲ್ಲ. ಯಾಕೆ ಬುದ್ಧಿ? ನಿಮ್ಮ ಓಲೆಕಾರ ಬಾಣ ತಾಗಿ ಬಿದ್ದಿದ್ನಾ?”

ವ್ಯಾಪಾರಿಯ ಮಾತಿನಲ್ಲಿ ಕುಚೋದ್ಯ ಇರಲಿಲ್ಲ. ಹನ್ನೊಂದು ವರ್ಷದಿಂದ ಅವನಿಗೂ ಅದು ತಿಳಿಯದ ಸಂಗತಿಯೇ ಆಗಿತ್ತು.

ದಳವಾಯಿ ನೆನಪು ಮಾಡಿಕೊಂಡ. ಅಂದು ದಿಬ್ಬದ ಮೇಲೆ ಅವನ ಬೆನ್ನ ಹಿಂದೆ ಇಬ್ಬರು ಓಲೆಕಾರರಿದ್ದರು. ಒಬ್ಬ ಜೀನಿನ ಪಟ್ಟಿ ಬಿಗಿಯುತ್ತಿದ್ದ. ಇನ್ನೊಬ್ಬ ಹುರಿಗಡಲೆ ತಿನ್ನುತ್ತಿದ್ದ. ಅವನು ಕಡಲೆ ಅಗಿಯುವ ಸದ್ದು ದಳವಾಯಿಗೆ ಈಗಲೂ ಕೇಳಿಸಿತು. ಓಬಯ್ಯನ ಬಾವುಟ ಹಳ್ಳದ ಮರಳಿಗೆ ಇಳಿದದ್ದನ್ನು ದಳವಾಯಿ ಕಂಡಿದ್ದ. ಈಗ ತಿರುಗುತ್ತಾನೆ ಎಂದುಕೊಂಡಿದ್ದ. ಬಾವುಟ ಆಚೆ ದಂಡೆ ಹತ್ತಿತು. ಓಬಯ್ಯ ನನ್ನ ಕೈಯಲ್ಲಿ ಬೆಳೆದವನು, ಹೇಳದೆಯೇ ತಿಳಿದುಕೊಳ್ಳುತ್ತಾನೆ ಎಂದುಕೊಂಡಿದ್ದ. ಬಾ, ಹಿಂದಕ್ಕೆ ಬಾ ಎಂದು ಹಲ್ಲು ಕಚ್ಚಿಕೊಂಡು ಅಂದುಕೊಂಡಿದ್ದ. ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಅಂದುಕೊಂಡದ್ದು ಮೂರು ದಿನ ಕಳೆಯುವುದರಲ್ಲಿ ಬಾಯಿ ಬಿಟ್ಟು ಹೇಳಿದ ಹಾಗೆಯೇ ನೆನಪಾಗಿ ಕೂತಿತ್ತು. ಒಡ್ಡೋಲಗದಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ತನಗೆ ನೆನಪಿದ್ದದ್ದನ್ನೇ ಹೇಳಿದ್ದ. ಆಮೇಲೆ ಹನ್ನೊಂದು ವರ್ಷ, ಅಂದುಕೊಂಡ ಕೂಡಲೇ ತಿರುಗುವ ಕಾಯಿಗಳ ಜೊತೆ ಆಡಿದ.

“ಇಲ್ಲ” ಎಂದ ದಳವಾಯಿ. “ಅವನು ಹುರಿಗಡಲೆ ತಿಂತಿದ್ದ.”

ವ್ಯಾಪಾರಿ ಕವಡೆಗಳನ್ನು ಒಟ್ಟು ಮಾಡಿಟ್ಟ. “ನಾವೂ ಈ ಕಾಯಿ ಸೇರಿಸಿದ್ದು ಹಿಂದೆ ಒಂದು ಕಾಳಗ ಸೋತ ಮೇಲೇನೇ ಬುದ್ಧಿ” ಎಂದು ಎದ್ದ. ಹುಣಸೆ ಬೀಜವನ್ನು ಅಲ್ಲೇ ಬಿಟ್ಟುಹೋದ.

ದಳವಾಯಿ ಆಳನ್ನು ಕರೆದು, ಓಬಯ್ಯನನ್ನು ಕರೆದುಕೊಂಡು ಬಾ ಎಂದ. ಆಳು ಹೊಸ್ತಿಲು ದಾಟುವ ಮೊದಲೇ, “ಬೇಡ, ನಿಲ್ಲು” ಎಂದ. ತಾನೇ ಎದ್ದು ಹೊರಟ. ಕುದುರೆ ಕಟ್ಟಿತ್ತು, ಹತ್ತಲಿಲ್ಲ. ನಡೆದೇ ಹೋದ. ಕೋಟೆ ಬಾಗಿಲು ದಾಟುವಾಗ ರಿಕಾಪು ಅವನ ತಲೆಯ ಮೇಲೆ ತೂಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವನು ಆ ಬಾಗಿಲನ್ನು ಸಾವಿರ ಸಲ ದಾಟಿರಬೇಕು. ಅಂದು ಮಾತ್ರ ಅದರ ಕೆಳಗೆ ತಲೆ ಬಗ್ಗಿಸಬೇಕಾಯಿತು.

ಓಬಯ್ಯ ಒಂದು ಎತ್ತನ್ನು ಕೆಡವಿ ಲಾಳ ಕಟ್ಟುತ್ತಿದ್ದ. ದಳವಾಯಿಯನ್ನು ಕಂಡು ಏಳಲು ಹೋದ. ದಳವಾಯಿ ಅವನ ಭುಜ ಹಿಡಿದು ಕೂರಿಸಿದ. ಬರುವ ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡಿದ್ದ. ಅವನ್ನೆಲ್ಲ ಬಿಟ್ಟ.

“ಓಬಯ್ಯ, ಅವತ್ತು ನಾನು ಯಾರನ್ನೂ ಕಳಿಸಲಿಲ್ಲ” ಎಂದ.

“ಗೊತ್ತು ಬುದ್ಧಿ” ಎಂದ ಓಬಯ್ಯ. “ಹಳ್ಳ ದಾಟ್ತಾ ಮೂರು ಸಲ ತಿರುಗಿ ನೋಡ್ದೆ. ಓಲೆಕಾರ ಹೊರಟಿದ್ರೆ ದಿಬ್ಬದಿಂದ ಧೂಳು ಏಳ್ಬೇಕಿತ್ತು. ಏಳಲಿಲ್ಲ. ಮುಂದಕ್ಕೆ ಹೋಗು ಅನ್ನೋದೇ ನಿಮ್ಮ ಮನಸ್ಸು ಅಂದ್ಕೊಂಡೆ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀನು?”

“ಒಡ್ಡೋಲಗದಲ್ಲಿ ಕಾಲಾಳಿಗೆ ಮಾತೆಲ್ಲಿ? ಆಮೇಲೆ ನೀವು ಈ ಕಡೆ ಬರಲೇ ಇಲ್ಲ.”

ದಳವಾಯಿಯ ಕಣ್ಣಲ್ಲಿ ನೀರು ಬಂತು. ಅದನ್ನು ಅವನು ಮುಚ್ಚಿಡಲಿಲ್ಲ. ಹನ್ನೊಂದು ವರ್ಷ ಊರಿಗೆಲ್ಲ ಕ್ಷಮಿಸಿದ್ದೇನೆ ಎಂದು ಸಾರಿದ್ದ ನಾಲಗೆ ಈಗ, “ನನ್ನನ್ನ ಕ್ಷಮಿಸ್ತೀಯಾ?” ಎಂದು ಕೇಳಿತು.

ಓಬಯ್ಯ ಎತ್ತಿನ ಕಡೆ ನೋಡಿದ. ಇನ್ನೂ ಎರಡು ಮೊಳೆ ಬಾಕಿ ಇತ್ತು. “ಇದರ ಕಾಲು ಸ್ವಲ್ಪ ಗಟ್ಟಿ ಹಿಡ್ಕೊಳಿ ಬುದ್ಧಿ, ಒದೀತದೆ” ಎಂದ.

ದಳವಾಯಿ ಮಣ್ಣಲ್ಲಿ ಮಂಡಿಯೂರಿ ಎತ್ತಿನ ಕಾಲು ಹಿಡಿದುಕೊಂಡ. ಓಬಯ್ಯ ಎರಡು ಮೊಳೆಯನ್ನೂ ಹೊಡೆದು ಮುಗಿಸುವವರೆಗೆ ಬಿಡಲಿಲ್ಲ.

ಮರುದಿನ ಸಂತೆ ತುಂಬಿದ ಹೊತ್ತಿನಲ್ಲಿ ದಳವಾಯಿ ಏಣಿ ತರಿಸಿ ತಾನೇ ಹತ್ತಿ ರಿಕಾಪನ್ನು ಇಳಿಸಿದ. ಯಾಕೆ ಇಳಿಸುತ್ತಿದ್ದೇನೆ ಎಂಬುದನ್ನು ಏಣಿಯ ಮೇಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದ. ಪಾಳೆಯಗಾರ ಅವನ ದಳವಾಯಿತನ ತೆಗೆದ, ಓಬಯ್ಯನ ಮಗನಿಗೆ ಜೀನು ಕೊಟ್ಟ. ರಿಕಾಪನ್ನು ಓಬಯ್ಯ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಹನ್ನೊಂದು ವರ್ಷ ಬಿಸಿಲು ತಿಂದರೂ ಕಬ್ಬಿಣ ಚೆನ್ನಾಗಿಯೇ ಇದೆ ಎಂದು ಕಾಯಿಸಿ ಬಡಿದು ಒಂದು ಲಾಳ ಮಾಡಿದ. ಮಗನ ಕುದುರೆಗೆ ಕಟ್ಟಿದ.

ದಳವಾಯಿ ಆಟ ಬಿಡಲಿಲ್ಲ. ಹುಣಸೆ ಬೀಜ ಹಲಗೆಯಲ್ಲಿ ಉಳಿಯಿತು. ಕಪ್ಪು ಕಾಯಿಗಳಿಗೂ ಇಷ್ಟ ಬಂದಂತೆ ನಡೆಯುವ ಸ್ವಾತಂತ್ರ್ಯ ಬಂತು. ಭಾವಮೈದುನ ಆಗೊಮ್ಮೆ ಈಗೊಮ್ಮೆ ಗೆಲ್ಲತೊಡಗಿದ. ಸೋತಾಗಲೂ ಊಟ ಇತ್ತು, ಗೆದ್ದಾಗಲೂ ಇತ್ತು. ಅವನಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿಗೆ ಕತೆ ಮುಗಿಯಿತೆಂಬಂತೆ ಗುರುಗಳು ಹಿಸುಕಿದ ಕಾಳನ್ನು ಒಂದು ಕಡೆ, ಸಿಪ್ಪೆಯನ್ನು ಇನ್ನೊಂದು ಕಡೆ ಮಾಡಿದರು.

ಮರುಳಯ್ಯ ಕೈಗಂಟಿದ ಸಿಪ್ಪೆ ಕೊಡವಿದ. ಆಮೇಲೆ ಹೇಳಿದ: “ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಕೊಟ್ರಯ್ಯನ ವಿಷಯ ಬೇರೆ. ಅದು ಹಳ್ಳದ ಬಯಲಲ್ಲ, ಊಟದ ಪಂಕ್ತಿ. ಧೂಳಿಲ್ಲ, ದೂರವಿಲ್ಲ. ಕೊಪ್ಪರಿಗೆ ತಳ ಕಾಣುತ್ತಿದ್ದದ್ದು ನನಗೆ ಗೊತ್ತಿತ್ತು. ಇಪ್ಪತ್ತು ಹೆಜ್ಜೆ ಆಚೆ ಕಟ್ಟೆಯ ಮೇಲೇ ನಿಂತಿದ್ದೆ. ಅವನು ಒಂದೇ ಒಂದು ಸಲ ನನ್ನ ಕಡೆ ತಿರುಗಿ ನೋಡಿದ್ದರೆ ಸಾಕಿತ್ತು, ಕೈಸನ್ನೆ ಮಾಡಿ ನಿಲ್ಲಿಸುತ್ತಿದ್ದೆ.”

ಗುರುಗಳು ಬೋಗುಣಿ ಎತ್ತಿಕೊಂಡು ಎದ್ದರು.

“ನಾನು ಆ ಪಂಕ್ತಿಯಲ್ಲೇ ಊಟಕ್ಕೆ ಕೂತಿದ್ದೆ, ಮರುಳಯ್ಯ. ಅವನು ಮೂರು ಸಲ ತಿರುಗಿ ನಿನ್ನ ಮುಖ ನೋಡಿದ.”